ಕಾಸೆಲ್‌ನಲ್ಲಿ ಅವ್ವನಿಗೆ ಕೊಟ್ಟ ಮಣ್ಣು

ರಾಸ್ ಲಫಾನ್ ಕ್ಯಾಂಪ್, ಕತಾರ್
ಶುಕ್ರವಾರ, 12 ಸೆಪ್ಟೆಂಬರ್ 1997

ಪ್ರೀತಿಯ ಅಕ್ಕಾ,

ನಿನ್ನ ಮೊಣಕಾಲು ನೋವು ಹೇಗಿದೆ? ಅಂಗನವಾಡಿಯ ಮಕ್ಕಳನ್ನು ಎತ್ತಿ ಇಳಿಸಿ ಮಾಡಬೇಡ ಎಂದು ಡಾಕ್ಟರು ಹೇಳಿದ್ದನ್ನು ನೀನು ಕೇಳಿರುವುದಿಲ್ಲ, ಅದು ನನಗೆ ಗೊತ್ತು. ಭಾವನ ಕೆಮ್ಮು ಕಡಿಮೆಯಾಯಿತೇ? ಸೌಂದರ್ಯಾ ಗಣಿತದ ಟ್ಯೂಶನ್ ಬೇಡವೆಂದು ಹಟ ಹಿಡಿದಿದ್ದಳಲ್ಲ, ಈಗಲಾದರೂ ಹೋಗುತ್ತಿದ್ದಾಳೆಯೇ? ಇಷ್ಟು ಕೇಳುವ ಹಕ್ಕು ನನಗೆ ಇನ್ನೂ ಇದೆ ಎಂದುಕೊಂಡು ಕೇಳುತ್ತಿದ್ದೇನೆ. ಆಗಸ್ಟ್ ತಿಂಗಳಿಡೀ ನಿನ್ನಿಂದ ಒಂದಕ್ಷರ ಬಂದಿಲ್ಲ. ಭಾವನ ಕೈಯಲ್ಲಿ ಬರೆಸಿದ್ದು ಇಷ್ಟೇ: "ಅವ್ವನ ಮಣ್ಣಿಗೆ ಬರಾಕ ಆಗದಾವಗ ಜರ್ಮನಿ ಕಾರಂಜಿ ನೋಡಾಕ ಪುರುಸೊತ್ತು ಸಿಕ್ತು. ಇನ್ನ ಈ ಮನಿಗೆ ಕಾಗದ ಹಾಕಬ್ಯಾಡ ಅಂತ ಹೇಳ್ಯಾಳ." ಅದರ ಕೆಳಗೆ, ನಿನ್ನ ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರದಲ್ಲಿ ಭಾವ "ನೀ ಹಾಕಪಾ" ಎಂದು ಸೇರಿಸಿದ್ದಾನೆ. ಅವನ ಮಾತು ಹಿಡಿದು ಹಾಕುತ್ತಿದ್ದೇನೆ. ಅವನನ್ನು ಬೈಯಬೇಡ.

ಈ ಕಾಗದ ಇಲ್ಲಿನ ಅಂಚೆಯಲ್ಲಿ ಬರುತ್ತಿಲ್ಲ. ನನ್ನ ಕೋಣೆಯಲ್ಲಿರುವ ಹಾಶಿಮ್, ಬಂಟ್ವಾಳ ಕಡೆಯವನು, ಇವತ್ತು ಊರಿಗೆ ಹೊರಟಿದ್ದಾನೆ. ಮಂಗಳೂರು ಮುಟ್ಟಿದ ಮೇಲೆ ಡಬ್ಬಿಗೆ ಹಾಕುತ್ತಾನೆ. ಹಾಗಾಗಿ ಯಾರು ಒಡೆದು ಓದುತ್ತಾರೋ ಎಂಬ ಅಂಜಿಕೆಯಿಲ್ಲದೆ ಬರೆಯಬಹುದು. ಅಕ್ಕಾ, ನೀನು ರಜೆ ರಜೆ ಎನ್ನುತ್ತೀ. ಇಲ್ಲಿ ರಜೆ ಬೇರೆ, ದೇಶ ಬಿಟ್ಟು ಹೊರಗೆ ಹೋಗುವ ಪರವಾನಗಿ ಬೇರೆ. ಬಂದ ದಿನವೇ ನನ್ನ ಪಾಸ್‌ಪೋರ್ಟು ಗುತ್ತಿಗೆ ಕಂಪನಿಯ ಕಬ್ಬಿಣದ ಕಪಾಟು ಸೇರಿದೆ. ಕಂಪನಿ ಸಹಿ ಹಾಕಿ ಬಿಟ್ಟರೆ ಮಾತ್ರ ವಿಮಾನ ಹತ್ತಬೇಕು. ಟಿಕೆಟ್ಟು ನನ್ನ ಸ್ವಂತ ಗಳಿಕೆಯದಾದರೂ ಅಷ್ಟೆ, ಮನೆಯಲ್ಲಿ ಹೆಣ ಬಿದ್ದಿದ್ದರೂ ಅಷ್ಟೆ. ಇದನ್ನು ನಿನಗೆ ಮೊದಲೇ ಬಿಡಿಸಿ ಬರೆಯಲಿಲ್ಲ, ಹೌದು. ಗದಗ ಸೀಮೆಯ ಓಣಿ ಓಣಿಯಲ್ಲಿ ಜೀತದ ವಿರುದ್ಧ ಗಂಟಲು ಹರಿಯುವ ಹಾಗೆ ಭಾಷಣ ಮಾಡಿದವನು, ವಿಮಾನ ಹತ್ತಿ ಬಂದು ಜೀತಕ್ಕೆ ಸೇರಿಕೊಂಡಿದ್ದೇನೆ ಎಂದು ಯಾವ ಕೈಯಿಂದ ಬರೆಯಲಿ?

ಜೂನ್‌ನಲ್ಲಿ ಭಾವ ಫೋನ್ ಮಾಡಿ ಅವ್ವ ಹೋದಳು ಎಂದಾಗ ನಾನು ಮೈಮೇಲಿನ ಡ್ಯೂಟಿ ಬಟ್ಟೆಯಲ್ಲೇ ಸೈಟ್ ಮ್ಯಾನೇಜರನ ಮುಂದೆ ಹೋಗಿ ನಿಂತೆ. ಅವನು ಅರಬ್ಬನಲ್ಲ, ಬಿಳಿಯನಲ್ಲ, ನಮ್ಮ ದೇಶದವನೇ. ಮೇಜಿನ ಮೇಲೆ ಗಣಪತಿ ಇಟ್ಟುಕೊಂಡಿದ್ದಾನೆ. ಪ್ಲಾಂಟು ನಿಲ್ಲಿಸಿ ರಿಪೇರಿ ನಡೆದಿತ್ತು, ಮುಗಿಯುವ ತನಕ ಒಬ್ಬನನ್ನೂ ಬಿಡುವುದಿಲ್ಲವೆಂದ. ನಾನು ಕೈ ಮುಗಿದೆ. ಹೌದು ಅಕ್ಕಾ, ಈ ಪಂಚಪ್ಪ ಕೈ ಮುಗಿದ. ಅವನು ಹಿಂದಿಯಲ್ಲಿ, "ಜಾ ಕೇ ಕ್ಯಾ ಕರೇಗಾ" ಎಂದ. ಹೋಗಿ ಏನು ಮಾಡುತ್ತೀ, ನೀನು ಮುಟ್ಟುವ ಹೊತ್ತಿಗೆ ಎಲ್ಲ ಖಲಾಸ್ ಆಗಿರುತ್ತದೆ, ಕೆಲಸಕ್ಕೆ ನಡಿ. ನೀನು ಅಲ್ಲಿ ಅವ್ವನನ್ನು ಮಂಜುಗಡ್ಡೆಯ ಮೇಲೆ ಮಲಗಿಸಿ, ಎರಡನೆಯ ದಿನ ಹೊತ್ತು ಮುಳುಗುವ ತನಕ ರೈಲಿನ ಸದ್ದಿಗೆಲ್ಲ ಬಾಗಿಲಿಗೆ ಬಂದು ನಿಂತೆ ಎಂದು ಭಾವ ಆಮೇಲೆ ಬರೆದ. ಹಿರಿಯರು ಮಗನ ಜಾಗದಲ್ಲಿ ಅಳಿಯ ನಿಲ್ಲಲಿ ಎಂದಾಗ ನೀನು ಎಲ್ಲರನ್ನೂ ಸರಿಸಿ, "ಮಗ ಇಲ್ಲಾಂದ್ರ ಮಗಳು ಅದಾಳ, ಸರೀರಿ" ಎಂದು ನೀನೇ ಕುಣಿಗೆ ಮೊದಲ ಮಣ್ಣು ಹಾಕಿದೆಯಂತೆ. ಅದನ್ನು ಓದಿ ನಾನು ಎಷ್ಟು ಹೆಮ್ಮೆ ಪಟ್ಟೆನೋ ಅಷ್ಟೇ ಕುಸಿದೆ. ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಗೇಟಿಗೆ ಅಡ್ಡ ಕೂತು ಮಾಲೀಕನ ಕಾರು ನಿಲ್ಲಿಸಿದ ಲಕ್ಕವ್ವನ ಮಗಳು ನೀನು. ಮಗ ನಾನು ಆ ಹೊತ್ತಿನಲ್ಲಿ ವಾಲ್ವಿನ ಬೋಲ್ಟು ಬಿಗಿಯುತ್ತಿದ್ದೆ.

ಆರು ವಾರ ಕಳೆದಿರಲಿಲ್ಲ. ಅದೇ ಮ್ಯಾನೇಜರು ಕರೆಸಿ, ಜರ್ಮನಿಯ ಕಾಸೆಲ್ ಎಂಬ ಊರಿನ ಕಾರ್ಖಾನೆಗೆ ಹೋಗಿ ಕಂಪ್ರೆಸರಿನ ಸೀಲು ಬದಲಿಸುವುದನ್ನು ಎರಡು ವಾರ ಕಲಿತು ಬಾ ಎಂದ. ಕಪಾಟು ತೆರೆಯಿತು, ಪಾಸ್‌ಪೋರ್ಟು ಹೊರಗೆ ಬಂತು, ನನಗೆ ಕೊಟ್ಟ ಚಹಾ ಆರುವ ಮೊದಲೇ ಸಹಿ ಬಿತ್ತು. ಹೋಗುವುದಿಲ್ಲ ಎಂದು ಎದ್ದು ಬರೋಣ ಎನಿಸಿತ್ತು. ಕೋಣೆಗೆ ಬಂದು ಹೇಳಿದರೆ ಹಾಶಿಮ್, "ಹೋಗು ಮಾರಾಯ. ಇಲ್ಲಿ ಎಂಟು ಜನರ ಮಧ್ಯೆ ಅಳ್ಲಿಕ್ಕೂ ಕ್ಯೂ ನಿಲ್ಬೇಕು. ಅಲ್ಲಿ ಒಂದು ಸ್ವಂತ ಕೋಣೆಯಾದ್ರೂ ಕೊಡ್ತಾರಲ್ಲ" ಎಂದ. ಹಾಗೆ ಹೋದೆ. ಸೀದಾ ಊರಿಗೆ ಓಡಿ ಬರಬಹುದಿತ್ತಲ್ಲ ಎಂದು ನೀನು ಕೇಳುತ್ತೀ. ಹೋಗುವ ಬರುವ ಟಿಕೆಟ್ಟು ಕಂಪನಿಯದು, ಮೇಲೆ ನನ್ನ ಜಾಮೀನಿಗೆ ಹಾಶಿಮನಿಂದ ರುಜು ಹಾಕಿಸಿಕೊಂಡಿದ್ದರು. ನಾನು ತಪ್ಪಿಸಿಕೊಂಡರೆ ಅವನ ಕುತ್ತಿಗೆಗೆ ಬರುತ್ತಿತ್ತು. ಬೇಲಿ ಹಾಕುವುದರಲ್ಲಿ ನಮ್ಮೂರಿನ ಗೌಡರು ಇವರ ಕಾಲ ಕೆಳಗೆ ತೂರಬೇಕು.

ಶನಿವಾರ ಭಾನುವಾರ ಊರು ನೋಡಿ ಎಂದು ಕಾರ್ಖಾನೆಯವರು ಕಚೇರಿಯ ಹೆಂಗಸೊಬ್ಬಳನ್ನು ಜೊತೆ ಮಾಡಿದರು. ಒಳ್ಳೆಯ ಹೆಣ್ಣುಮಗಳು, ಇಂಗ್ಲಿಷು ನನ್ನ ಹಾಗೇ ಮುರುಕು. ಅಕ್ಕಾ, ಆ ಊರಿನಲ್ಲಿ ಗೋಡೆಗೆ ಅಂಟಿಸುವ ಕಾಗದಕ್ಕೂ ಒಂದು ಮ್ಯೂಸಿಯಂ ಇದೆ. ಹೂಬಳ್ಳಿಯ ಕಾಗದ, ನವಿಲಿನ ಕಾಗದ, ಚಿನ್ನದ ನೀರು ಹೊಡೆದ ತೊಗಲು, ಎಲ್ಲವನ್ನೂ ಮೂರ್ತಿಗಳಂತೆ ಕಾಯ್ದಿಟ್ಟಿದ್ದಾರೆ. ನನಗೆ ನೆನಪಾದದ್ದು ನಮ್ಮ ಗೋಡೆ. ಮಣ್ಣು ಉದುರಬಾರದೆಂದು ಅವ್ವ ನನ್ನ ಸಂಘಟನೆಯ ಪೋಸ್ಟರುಗಳನ್ನು ತಂದು ಗಂಜಿ ಹಚ್ಚಿ ಅಂಟಿಸುತ್ತಿದ್ದಳು. ಓದು ಬಾರದು, ಅರ್ಧಕ್ಕರ್ಧ ತಲೆಕೆಳಗು. ನಮ್ಮ ಮನೆಯಲ್ಲಿ ಕ್ರಾಂತಿ ಯಾವಾಗಲೂ ಕಾಲು ಮೇಲೆ ಮಾಡಿಕೊಂಡೇ ಇರುತ್ತಿತ್ತು. ನೀನು ಕಿತ್ತು ನೆಟ್ಟಗೆ ಹಚ್ಚಲು ಹೋದರೆ, "ಗ್ವಾಡಿಗೇನು ಓದಾಕ ಬರತೈತೇನ, ಬಿಡs" ಎನ್ನುತ್ತಿದ್ದಳು. ಮ್ಯೂಸಿಯಮ್ಮಿನ ನಡುವೆ ನಿಂತು ನಾನೊಬ್ಬನೇ ನಕ್ಕೆ. ಅವ್ವ ಸತ್ತ ಮೇಲೆ ಅದೇ ಮೊದಲ ನಗು.

ಅಲ್ಲಿ ಐದು ವರ್ಷಕ್ಕೊಮ್ಮೆ ದೊಡ್ಡ ಕಲಾಪ್ರದರ್ಶನ ನಡೆಯುತ್ತದಂತೆ. ಈ ವರ್ಷ ಅದರ ಸರದಿ, ಊರ ತುಂಬ ಜನ. ಟಿಕೆಟ್ಟು ಕೊಂಡು, ಪಾಳಿ ಹಚ್ಚಿ, ಒಂದು ಕೋಣೆಯೊಳಗೆ ಹೋದೆವು. ಒಳಗೆ ಚಿತ್ರವಿಲ್ಲ, ಮೂರ್ತಿಯಿಲ್ಲ. ಎರಡಂತಸ್ತಿನ ಕಬ್ಬಿಣದ ಮಂಚಗಳು, ಮೇಲೊಂದು ಬಲ್ಬು, ಮೂಲೆಯಲ್ಲಿ ಒಂದು ಬಕೆಟ್ಟು. ಜನ ಕೈಕಟ್ಟಿ, ಮೆಲ್ಲನೆ ಹೆಜ್ಜೆಯಿಟ್ಟು, ಗುಡಿಯೊಳಗೆ ನಡೆದಂತೆ ನಡೆಯುತ್ತಿದ್ದರು. ಜೊತೆಯ ಹೆಂಗಸು ನಿಮಗೇನು ಅನಿಸಿತು ಎಂದು ಕೇಳಿದಳು. ಬಕೆಟ್ಟು ನಮ್ಮದಕ್ಕಿಂತ ಸ್ವಚ್ಛ ಇದೆ ಎಂದೆ. ತಮಾಷೆ ಎಂದುಕೊಂಡು ಆಕೆ ನಕ್ಕಳು. ನನಗೆ ಸಿಟ್ಟು ಬಂತು, ಅವಳ ಮೇಲಲ್ಲ. ನಾವು ಬದುಕುವ ಕೋಣೆಯನ್ನು ನೋಡಲು ಲೋಕ ಪಾಳಿ ಹಚ್ಚುತ್ತದೆ, ಒಳಗೆ ನಾವು ಮಾತ್ರ ಇರಬಾರದು.

ಭಾನುವಾರ ಕರೆದುಕೊಂಡು ಹೋದದ್ದು ಸಾವಿನ ಮ್ಯೂಸಿಯಂಗೆ. ನಿಜ, ಹಾಗೊಂದು ಇದೆ, ಗುಡ್ಡದ ಮೇಲೆ. ಹೆಣ ಸಾಗಿಸುವ ಕರಿ ಸಾರೋಟು, ಪೆಟ್ಟಿಗೆಗಳು, ಗಂಡ ಸತ್ತವರು ತೊಡುತ್ತಿದ್ದ ಕರಿ ನಿಲುವಂಗಿ, ಸತ್ತವರ ಕೂದಲನ್ನು ನೇಯ್ದು ಮಾಡಿದ ಸರ. ಎಲ್ಲಕ್ಕೂ ಗಾಜಿನ ಮನೆ, ಎಲ್ಲಕ್ಕೂ ದೀಪ. ದುಃಖವನ್ನು ಇಷ್ಟು ಮರ್ಯಾದೆಯಿಂದ ಇಟ್ಟುಕೊಂಡ ಜನ ಇವರು ಎನಿಸಿತು. ಆ ಹೆಂಗಸು ಮಾತಿಗೆ ಮಾತು ಬಂದು, ತಮ್ಮಲ್ಲಿ ತಾಯಿ ಸತ್ತರೆ ಎರಡು ದಿನ ಸಂಬಳದ ರಜೆ, ಕೇಳುವ ಗೋಜೂ ಇಲ್ಲ, ನಿಮ್ಮ ಕಂಪನಿಯಲ್ಲಿ ಎಷ್ಟು ಎಂದಳು. ಅಕ್ಕಾ, ಪೊಲೀಸರ ಲಾಠಿ ಬೀಳುವಾಗಲೂ ಮುಚ್ಚದ ನನ್ನ ಬಾಯಿ "ನಾಲ್ಕು" ಎಂದಿತು. ಯಾಕೆಂದು ಕೇಳಬೇಡ. ಆಳು ಎಂದು ಹೇಳಿಕೊಳ್ಳಲು ನಾಚಿಕೆಯಾಯಿತು. ಅವಳು "ಒಳ್ಳೆಯ ಕಂಪನಿ" ಎಂದಳು.

ಅಲ್ಲಿಂದ ಒಬ್ಬನೇ ಹಿಂದಿನ ತೋಟಕ್ಕೆ ಬಂದುಬಿಟ್ಟೆ. ಹೂವಿನ ಪಾತಿಗೆ ಆಗ ತಾನೇ ಮಣ್ಣು ಏರಿಸಿದ್ದರು. ಕರಿ ಮಣ್ಣು, ನಮ್ಮ ಎರೆಯ ಹಾಗೆಯೇ. ಸತ್ತವರಿಗೆ ಮಾಡುವುದೆಲ್ಲ ಮೌಢ್ಯ ಎಂದು ಸಭೆ ಸಭೆಯಲ್ಲಿ ಗುಡುಗಿದವನು ನಾನು, ಅದಕ್ಕೆ ನೀನೂ ಸಾಕ್ಷಿ. ಅಲ್ಲೇ ಮೊಣಕಾಲೂರಿ ಕೂತೆ. ಮೂರು ಹಿಡಿ ತೆಗೆದುಕೊಂಡು ಮೂರು ಸಲ ಬಿಟ್ಟೆ. ಕೆಳಗೆ ಅವ್ವ ಇಲ್ಲ, ಯಾರೂ ಇಲ್ಲ, ಹೂವಿನ ಬೇರು. ಆದರೂ ಕೊಟ್ಟೆ. ಮ್ಯೂಸಿಯಂ ಕಾಯುವ ಮುದುಕಿಯೊಬ್ಬಳು ನೋಡುತ್ತಿದ್ದಳು. ಬೈಯುತ್ತಾಳೆ ಎಂದು ಎದ್ದು ನಿಂತರೆ, ಗಿಡಕ್ಕೆ ಹಾಕುವ ನೀರಿನ ಡಬ್ಬಿ ತಂದು ನನ್ನ ಕೈಮೇಲೆ ಸುರಿದಳು. ನಮ್ಮಲ್ಲಿ ಮಣ್ಣಿಗೆ ಹೋಗಿ ಬಂದವರಿಗೆ ಬಾಗಿಲಲ್ಲಿ ನೀರು ಕೊಡುತ್ತಾರಲ್ಲ, ಹಾಗೆ.

ಆ ಸಂಜೆಯೇ ನಿನಗೆ ಕಾರಂಜಿ ಚಿತ್ರದ ಕಾರ್ಡು ಹಾಕಿದೆ. ಕವರಿಲ್ಲದ ಕಾರ್ಡು, ಅಂಚೆಯವನಿಂದ ಹಿಡಿದು ಕಟಿಂಗ್ ಅಂಗಡಿಯ ತನಕ ನಮ್ಮ ಬೆಟಗೇರಿಯ ಓಣಿಯೆಲ್ಲ ಓದಿ ಆಮೇಲೆ ನಿನ್ನ ಕೈಗೆ ಬರುವ ಕಾರ್ಡು. ಅದರ ಮೇಲೆ ನನ್ನ ಅಳು ಬರೆಯಲು ಮನಸ್ಸಾಗಲಿಲ್ಲ. "ಜರ್ಮನಿಗೆ ಬಂದಿದ್ದೇನೆ. ಆರಾಮ ಇದ್ದೇನೆ. ಮ್ಯೂಸಿಯಂ ನೋಡಿದೆ" ಎಂದಷ್ಟೇ ಬರೆದೆ. ಓಣಿ ಏನು ಓದಿತು, ನಿನ್ನ ಕಿವಿಗೆ ಏನು ಹಾಕಿತು, ಗೊತ್ತು. ನೀನು ಬೈದದ್ದರಲ್ಲಿ ತಪ್ಪಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೆ ಒಂದೇ ಸಾಲಿಗೆ ನಿಲ್ಲಿಸುತ್ತಿರಲಿಲ್ಲ.

ಈಗ ಹಾಶಿಮನ ವಿಷಯ. ಹೋದ ವಾರ ಅವನ ತಾಯಿ ಆಯಿಷಮ್ಮ ಮಂಗಳೂರಿನ ಆಸ್ಪತ್ರೆ ಸೇರಿದರು, ಬದುಕುವುದಿಲ್ಲ, ಜೀವ ಇರುವಾಗಲೇ ಬಂದು ಮುಖ ನೋಡು ಎಂದು ಸುದ್ದಿ ಬಂತು. ಅವನು ಮ್ಯಾನೇಜರನ ಹತ್ತಿರ ಹೋಗಿ ಬಂದು ಮಂಚದ ಮೇಲೆ ಕೂತ. ಏನೆಂದ ಎಂದು ಕೇಳಿದೆ. "ಅದೇ. ಜಾ ಕೇ ಕ್ಯಾ ಕರೇಗಾ" ಎಂದ. ನನಗೆ ಆ ಮುದುಕಿ ಸುರಿದ ನೀರು ಮತ್ತೆ ಕೈಮೇಲೆ ಬಿದ್ದಂತಾಯಿತು. ಬುಧವಾರ ಬೆಳಿಗ್ಗೆ ಕೆಲಸಕ್ಕೆ ಒಯ್ಯುವ ಬಸ್ಸು ಬಂದಾಗ ನಾನು ಹತ್ತಲಿಲ್ಲ, ಕ್ಯಾಂಪಿನ ಮೆಟ್ಟಿಲ ಮೇಲೆ ಕೂತೆ. ಹಾಶಿಮನ ಕಾಗದಕ್ಕೆ ಸಹಿ ಬೀಳುವ ತನಕ ಏಳುವುದಿಲ್ಲವೆಂದೆ. ಡ್ರೈವರು ಬೇಗ ಹತ್ತಿರೆಂದು "ಯಲ್ಲಾ, ಯಲ್ಲಾ" ಎನ್ನುತ್ತಲೇ ಇದ್ದ. ಹಾಶಿಮನೇ ನನ್ನ ತೋಳು ಹಿಡಿದು, "ಬೇಡ ಮಾರಾಯ, ಇದು ನಿನ್ನ ಗದಗ ಅಲ್ಲ, ಇಬ್ಬರದ್ದೂ ಹೋಗ್ತದೆ" ಎಂದು ಎಳೆದ. ಅಷ್ಟರಲ್ಲಿ ಒಳಗೆ ಕೂತವರು ಒಬ್ಬೊಬ್ಬರಾಗಿ ಇಳಿದು ನನ್ನ ಸುತ್ತ ಕೂತರು. ಕೇರಳದವರು, ಬಿಹಾರದವರು, ನೇಪಾಳದವರು. ಘೋಷಣೆ ಇಲ್ಲ, ಬಾವುಟ ಇಲ್ಲ, ಬಿಸಿಲಲ್ಲಿ ಸುಮ್ಮನೆ ಕೂತ ಜನ. ಮ್ಯಾನೇಜರು ಕಾರಿನಲ್ಲಿ ಬಂದು ಇದರ ಲೀಡರ್ ಯಾರು ಎಂದು ಕಿರುಚಿದ. ಲೀಡರ್ ಯಾರೂ ಇಲ್ಲ, ಅವನ ತಾಯಿ ಇನ್ನೂ ಉಸಿರಾಡುತ್ತಿದ್ದಾಳೆ, ಅಷ್ಟೆ ಎಂದು ನಾನು ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ಸಹಿಯಾಯಿತು. ಅವ್ವ ಗೇಟಿನ ಮುಂದೆ ಕೂತಾಗ ಆಕೆಗೆ ಹೇಗಾಗಿತ್ತು ಎಂದು ಆವತ್ತು ತಿಳಿಯಿತು.

ಇವತ್ತು ವಾರದ ರಜೆಯಾದರೂ ಆಫೀಸಿಗೆ ಬಾ ಎಂದು ಕರೆಸಿದ್ದಾನೆ. ಬೈಯುತ್ತಾನೆ, ಬೈಯಲಿ. ಅಲ್ಲಿಗೆ ಹೋಗುವ ಮೊದಲು ಇದನ್ನು ಮುಗಿಸಿ ಹಾಶಿಮನ ಕೈಗೆ ಕೊಡಬೇಕು. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಕಾಲಿಗೆ ಎಣ್ಣೆ ಹಚ್ಚಿಸಿಕೋ. ಸೌಂದರ್ಯಾಳ ತಲೆ ಸವರಿದ್ದೇನೆ ಎಂದು ಹೇಳು. ಭಾವನಿಗೆ ನನ್ನ ಜೈಭೀಮ್.

ನಿನ್ನ ತಮ್ಮ,
ಪಂಚ್ಯಾ

ತಾ.ಕ.: ಆಫೀಸಿನಿಂದ ಈಗ ಬಂದೆ, ಹಾಶಿಮನ ಟ್ಯಾಕ್ಸಿ ಹೊರಗೆ ಹಾರ್ನ್ ಹಾಕುತ್ತಿದೆ. ನನ್ನ ಕೆಲಸ ಹೋಯಿತು. ಬರುವ ಗುರುವಾರ ವಾಪಸು ಕಳಿಸುತ್ತಾರೆ, ಇನ್ನು ಈ ದೇಶಕ್ಕೆ ಕಾಲಿಡದ ಹಾಗೆ ಬರೆದುಕೊಂಡಿದ್ದಾರೆ. ಅವ್ವನಿಗಾಗಿ ಕೈ ಮುಗಿದರೂ ಬೀಳದ ಸಹಿ ಇವತ್ತು ಕೇಳದೆಯೇ ಬಿತ್ತು. ಶನಿವಾರ ಬೆಳಗಿನ ರೈಲಿಗೆ ಗದಗಿನಲ್ಲಿ ಇಳಿಯುತ್ತೇನೆ. ನೀನು ಕರೆಯದೆ ಮನೆಗೆ ಬರುವುದಿಲ್ಲ, ನೆಟ್ಟಗೆ ಮಸಣಕ್ಕೆ ಹೋಗುತ್ತೇನೆ. ಅಲ್ಲಿ ನಮ್ಮವರ ಯಾರ ಹೆಸರೂ ಬರೆದಿಲ್ಲ, ಈ ಸಲದ ಮಳೆಗೆ ಗುಡ್ಡೆಯೂ ಕುಸಿದು ನೆಲ ಸಮವಾಗಿರುತ್ತದೆ. ಅವ್ವ ಎಲ್ಲಿ ಮಲಗಿದ್ದಾಳೆ ಎಂದು ನನಗೆ ಗೊತ್ತಿಲ್ಲ ಅಕ್ಕಾ. ನನ್ನ ಜೊತೆ ಮಾತಾಡಬೇಕೆಂದಿಲ್ಲ. ಬಂದು ಜಾಗ ತೋರಿಸು.