ತಲೆಯ ಮೇಲಿಂದ ಕಿವಿ ಮುಟ್ಟಿದ್ದು

ಮೇ ೪, ಬೆಳಿಗ್ಗೆ
ಕಾಂಚನಾ, ಕ್ಷೇಮವೇ? ನಿನ್ನ ಗಂಡ ಪಾಲಾಕ್ಷನ ಸೊಂಟ ಹೇಗಿದೆ? ಮಗಳು ದಿವ್ಯಾಳ ಜ್ವರ ಬಿಟ್ಟಿತೇ...

ಇಷ್ಟಕ್ಕೇ ನಿಲ್ಲಿಸಿದೆ. ಪತ್ರ ಹಾಕುವ ಮುಂಚೆ ಡೈರಿಯಲ್ಲಿ ಬರೆದು ನೋಡುವುದು ರೂಢಿ. ಇವತ್ತು ಸಿಟ್ಟಿಗೆ ಮುಂದಕ್ಕೆ ಸಾಗಲಿಲ್ಲ.

ಕಾಂಚನಾ ನನ್ನ ತಂಗಿಯ ಮಗಳು. ಚಳ್ಳಕೆರೆಯಲ್ಲಿ ನರ್ಸು. ಕೆನಡಾಕ್ಕೆ ಹೋಗಿ ನೆಲೆಸಲು ಅರ್ಜಿ ಹಾಕಿದ್ದಾಳೆ. ನಿನ್ನೆ ಬಂದಿದ್ದಳು.

"ಅಲ್ಲಿ ವಯಸ್ಸು ನೋಡಿ ಪಾಯಿಂಟ್ ಕೊಡ್ತಾರೆ, ಮೂವತ್ತಾದ್ಮೇಲೆ ವರ್ಷ ವರ್ಷ ಕಿತ್ಕೊಂತಾರೆ ದೊಡ್ಡವ್ವ. ಈಗ್ಲೇ ಸಾಲ್ತಿಲ್ಲ. ಜೂನ್ ಒಂದಕ್ಕೆ ಮೂವತ್ನಾಲ್ಕು, ಇನ್ನೂ ಬೀಳ್ತೈತೆ. ಇಂಗ್ಲಿಷ್ ಪರೀಕ್ಷೆ ಮತ್ತೆ ಬರೀತಿದೀನಿ."

ಹನ್ನೊಂದು ವರ್ಷ ಸೂಜಿ ಹಿಡಿದು ಪಳಗಿದ ಕೈ! ಸಂತೆಯಲ್ಲಿ ವಯಸ್ಸು ತಿಳಿಯಲು ಟಗರಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಮನುಷ್ಯರಿಗೂ ಅದೇನಾ?

ಮೇ ೫
ಮೂವತ್ನಾಲ್ಕು ಎಲ್ಲಿಂದ ಬಂತು? ಅವಳು ಹುಟ್ಟಿದ್ದು ಕುರಿಹಟ್ಟಿಯಲ್ಲಿ, ಕಾರ್ತಿಕದ ಚಳಿಯಲ್ಲಿ. ಬೆರಳು ಮಡಿಸಿ ಎಣಿಸಿದೆ. ಮೂವತ್ತೆರಡು.

ಆಮೇಲೆ ನೆನಪಾಯಿತು... ನಾನೇ.

ಅವಳವ್ವ ಕೂಲಿಗೆ, ನಾನು ಕುರಿ ಹಿಂದೆ. ನಾಲ್ಕು ವರ್ಷದ ಕೂಸನ್ನು ನೋಡುವವರಿಲ್ಲ. ಕೊಂಡ್ಲಹಳ್ಳಿ ಶಾಲೆಗೆ ಎಳೆದುಕೊಂಡು ಹೋದೆ. ಆಗಿನ ಮೇಷ್ಟ್ರು, "ತಲೆ ಮ್ಯಾಲಿಂದ ಕೈ ಹಾಕಿ ಆ ಕಡೆ ಕಿವಿ ಮುಟ್ಟಿದ್ರೆ ಸೇರಿಸ್ಕೊಂತೀನಿ" ಅಂದರು. ಎಟುಕಲಿಲ್ಲ. ಎರಡು ದಿನ ಮನೆಯಲ್ಲಿ ಕುತ್ತಿಗೆ ವಾಲಿಸುವುದನ್ನು ಕಲಿಸಿದೆ. ಮುಟ್ಟಿಬಿಟ್ಟಳು! ಆರು ವರ್ಷ ಅಂದೆ. ಎಲ್ಲ ಮಕ್ಕಳಿಗೂ ಹಾಕುವಂತೆ ಹುಟ್ಟಿದ ದಿನ ಜೂನ್ ಒಂದು ಅಂತ ಹಾಕಿಕೊಂಡರು. ಹೆಬ್ಬೆಟ್ಟು ಒತ್ತಿದೆ. ನಾನು ಅಕ್ಷರ ಕಲಿತದ್ದು ಆಮೇಲೆ, ಅವಳ ಸ್ಲೇಟಿನಲ್ಲೇ.

ಮೇ ೧೨
ಶಾಲೆಗೆ ಹೋದೆ. ಈಗಿನ ಹೆಡ್‌ಮಾಸ್ಟರ್ ಬಾಲರಾಜ್ ರಿಜಿಸ್ಟರ್ ತೆಗೆದರು. ನನ್ನ ಹೆಬ್ಬೆಟ್ಟು ಹಾಗೇ ಇದೆ.

"ಪುರಾವೆ ಇಲ್ದೆ ಈಗ ತಿದ್ದೋಕಾಗಲ್ಲ ಕೆಂಚಕ್ಕ. ಮಾರ್ಕ್ಸ್ ಕಾರ್ಡು, ಪಾಸ್‌ಪೋರ್ಟು ಎಲ್ಲಾ ಇದ್ರ ಮ್ಯಾಲೇ ನಿಂತೈತೆ."

"ಆವತ್ತು ಸುಳ್ಳು ಹೇಳ್ದೆ, ಏನೂ ಕೇಳ್ದೆ ಬರ್ಕೊಂಡ್ರಿ. ಇವತ್ತು ನಿಜ ಹೇಳ್ತೀನಿ, ಪುರಾವೆ ಕೇಳ್ತೀರಾ?"

ನೀರು ಕುಡಿಯಿರಿ ಅಂದರು. ಕುಡಿಯಲಿಲ್ಲ.

ಮೇ ೧೩
ಫೋನಿನಲ್ಲಿ ಅವಳಿಗೆ ಎಲ್ಲ ಹೇಳಿದೆ. "ಎರಡು ವರ್ಷ, ದೊಡ್ಡವ್ವ..." ಅಷ್ಟೇ. ಇಟ್ಟುಬಿಟ್ಟಳು.

ಜೂನ್ ೧
ಕಾಂಚನಾ, ಕ್ಷೇಮವೇ? ಪಾಲಾಕ್ಷ, ದಿವ್ಯಾ ಹೇಗಿದ್ದಾರೆ? ನೀನು ಹುಟ್ಟೇ ಇರದ ದಿನ ಇವತ್ತು, ಕಾಗದದಲ್ಲಿ ನಿನಗೆ ಮೂವತ್ನಾಲ್ಕಾಯಿತು. ಇಂಗ್ಲಿಷ್ ಪರೀಕ್ಷೆ ಏನಾಯಿತು? ಫೋನ್ ಎತ್ತುತ್ತಿಲ್ಲ ನೀನು. ಆವತ್ತು ಶಾಲೆಯಿಂದ ವಾಪಸ್ ಕರೆದುಕೊಂಡು ಬಂದಿದ್ದರೆ ನೀನೂ ಕುರಿ ಹಿಂದೆಯೇ ಇರುತ್ತಿದ್ದೆ — ಬೇಡ, ಇದನ್ನು ಹೊಡೆದುಹಾಕುತ್ತೇನೆ. ಸಿಟ್ಟಿದ್ದರೆ ಸಿಟ್ಟನ್ನೇ ಬರೆ, ಬೇಗ ಬರೆ. ನಿನ್ನ ಸ್ಲೇಟಿನಲ್ಲಿ ಕಲಿತವಳು, ನಿನ್ನ ಅಕ್ಷರ ಹೇಗಿದ್ದರೂ ನಾನು ಓದುತ್ತೇನೆ.