ಗೋಡೆಗೆ ತಿರುಗಿದ ಕುರ್ಚಿ

ಮನೆ, ಅಡುಗೆಮನೆಯ ಮೇಜಿನಿಂದ
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಾ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಕೆಮ್ಮಿನ ವಿಷಯ ನಾನು ಹೇಳಿರಲೇ ಇಲ್ಲವಲ್ಲ ಎಂದು ನೀನು ಹುಬ್ಬೇರಿಸುವುದು ಇಲ್ಲಿಂದಲೇ ಕಾಣುತ್ತಿದೆ. ಎಡಗಾಲಿನ ಬೂಟು ಹಿಮ್ಮಡಿಯನ್ನು ಕಚ್ಚುತ್ತಿರುವುದೂ ಗೊತ್ತು. ಹೇಗೆ ಗೊತ್ತಾಯಿತೆಂದು ಮುಂದೆ ಬರೆಯುತ್ತೇನೆ, ಮೊದಲು ಒಂದು ಪಟ್ಟಿ ಅಂಟಿಸಿಕೊ. ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪನ ಬೆನ್ನು ನೋವು ಅವರು ಬಗ್ಗಬೇಕಾದ ಕೆಲಸ ಇರುವ ದಿನ ಮಾತ್ರ ಬರುತ್ತದೆ. ನಿನ್ನ ತಂಗಿ ನಿನ್ನ ಕೋಣೆಯನ್ನು ಮೆಲ್ಲಗೆ ಆಕ್ರಮಿಸುತ್ತಿದ್ದಾಳೆ. ಮೊದಲು ಅವಳ ಪುಸ್ತಕಗಳು ಹೋದವು, ಆಮೇಲೆ ಪುಸ್ತಕಕ್ಕೆಂದು ಮೇಜು ಹೋಯಿತು, ಈಗ ಮೇಜಿಗೆ ಕಾವಲು ಎಂದು ಅವಳೇ ಹೋಗಿ ಕೂರುತ್ತಾಳೆ. ಈ ಹಾಳೆಗಳ ಫೋಟೋ ತೆಗೆದು ನಿನಗೆ ಕಳಿಸುವವಳೂ ಅವಳೇ. ಓದಬೇಡ ಎಂದು ಹೇಳಿದ್ದೇನೆ. ಓದುತ್ತಾಳೆ.

ಗುರುವಾರ ನಮ್ಮ ಕನ್ನಡಕದ ಅಂಗಡಿಗೆ ನಿವೃತ್ತ ಬಸ್ ಚಾಲಕರೊಬ್ಬರು ಕಣ್ಣು ತೋರಿಸಲು ಬಂದಿದ್ದರು. ಗದ್ದವನ್ನು ಯಂತ್ರದ ಮೇಲಿಟ್ಟು ಕೂತವರಿಗೆ ಸುಮ್ಮನಿರಲಾಗದೆ ನನ್ನ ಮಕ್ಕಳ ವಿಷಯ ಕೇಳಿದರು. ನಾವು ಮಾರ್ಮನ್ನರು, ಕ್ರೈಸ್ತರಲ್ಲೇ ಒಂದು ಪಂಗಡ, ನಮ್ಮ ಸಭೆಯಿಂದ ಹುಡುಗರು ಎರಡು ವರ್ಷ ಪರದೇಶಕ್ಕೆ ಹೋಗಿ ಮನೆಮನೆ ಬಾಗಿಲು ತಟ್ಟಿ ದೇವರ ಮಾತು ಹೇಳುತ್ತಾರೆ, ಸಂಬಳ ಇಲ್ಲ, ಮನೆಯವರ ಜೊತೆ ಮಾತಾಡುವುದು ಸೋಮವಾರ ಮಾತ್ರ ಎಂದೆ. ಮೀಸೆ ನೆಟ್ಟಗೆ ಬಂದಿಲ್ಲ, ಎದೆಯ ಮೇಲಿನ ಕಪ್ಪು ಫಲಕದಲ್ಲಿ ಮಾತ್ರ ‘ಎಲ್ಡರ್’, ಅಂದರೆ ಹಿರಿಯ, ಎಂದು ಬರೆದಿರುತ್ತದೆ ಎಂದೂ ಹೇಳಿದೆ. ಅವರು ನಕ್ಕರು. ಆಮೇಲೆ, “ಹೊಸ ಊರಲ್ಲಿ ಒಬ್ಬನೇ ಹುಡುಗ. ನಿಮಗೆ ಭಯ ಆಗಲ್ವಾ?” ಎಂದು ಕೇಳಿದರು. “ಒಬ್ಬನೇ ಅಲ್ಲ, ಜೊತೆಗೊಬ್ಬ ಇರ್ತಾನೆ. ಯಾವಾಗಲೂ” ಎಂದೆ. ಆ ‘ಯಾವಾಗಲೂ’ ನನ್ನ ಬಾಯಿಂದ ಹೇಗೆ ಬಂತೋ ಏನೋ, ಅವರು ಗದ್ದ ಎತ್ತಿ ನನ್ನ ಮುಖ ನೋಡಿದರು. ಮತ್ತೆ ಮೊದಲಿಂದ ಅಳತೆ ತೆಗೆಯಬೇಕಾಯಿತು.

ನಿಮ್ಮ ನಿಯಮ ನನಗೆ ಬಾಯಿಪಾಠ. ಜೊತೆಗಾರರಿಬ್ಬರೂ ಒಬ್ಬರಿಗೊಬ್ಬರು ಕಣ್ಣಿಗೆ ಕಾಣುವಷ್ಟು, ಕಿವಿಗೆ ಕೇಳುವಷ್ಟು ಹತ್ತಿರದಲ್ಲೇ ಇರಬೇಕು. ಏಳುವುದು, ಉಣ್ಣುವುದು, ಓದುವುದು, ಬಸ್ಸು ಹಿಡಿಯುವುದು, ಮಲಗುವುದು ಎಲ್ಲ ಜೊತೆಗೆ. ಈ ನಿಯಮ ಮಾಡಿದವರಿಗೆ ತಾಯಂದಿರ ಪರಿಚಯ ಇರಲಿಲ್ಲವೆಂದು ಕಾಣುತ್ತದೆ. ಹದಿಮೂರು ತುಂಬಿದಾಗಿನಿಂದ ನೀನು ನಿನ್ನ ಕೋಣೆಯ ಬಾಗಿಲು ಮುಚ್ಚಿಕೊಂಡವನು. ನಿನ್ನ ಮನಸ್ಸಿನ ಹವಾಮಾನವನ್ನು ನಾನು ಬಾಗಿಲ ಕೆಳಗಿನ ಬೆಳಕು ನೋಡಿ ತಿಳಿದುಕೊಳ್ಳುತ್ತಿದ್ದೆ. ‘ಊಟಕ್ಕೆ ಬಾ’ ಎಂದರೆ ‘ಬಂದೆ’, ‘ಏನಾಯ್ತೋ’ ಎಂದರೆ ‘ಏನಿಲ್ಲ’. ಇಂಥ ಹುಡುಗನನ್ನು ಸಭೆಯವರು ಕರೆದೊಯ್ದು, ಗುರುತು ಪರಿಚಯ ಇಲ್ಲದ ಒಬ್ಬ ಉದ್ದನೆಯ ಹುಡುಗನಿಗೆ ಬೆಳಗಿನಿಂದ ರಾತ್ರಿಯವರೆಗೆ ಪೂರ್ತಿಯಾಗಿ ಕೊಟ್ಟುಬಿಟ್ಟರು. ನೀನು ಅವನಿಗೆ ಉದ್ದಣ್ಣ ಎಂದು ಹೆಸರಿಟ್ಟೆ. ಮನೆಯಲ್ಲಿ ನೀನು ಯಾರಿಗೂ ಅಡ್ಡಹೆಸರು ಇಟ್ಟವನಲ್ಲ.

ಕಳೆದ ಸೋಮವಾರ ನೀನು ಪರದೆಯ ಮೇಲೆ ಬಂದಾಗಲೂ ಅವನು ಹಿಂದೆ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಐದು ನಿಮಿಷ ನನ್ನ ಮಗನ ಜೊತೆ ನಾನೊಬ್ಬಳೇ ಮಾತಾಡಬಹುದೇ ಎಂದು ಅವನನ್ನೇ ಕೇಳಿದೆ. ಪಾಪ, ಕೋಣೆ ಬಿಟ್ಟು ಹೋಗುವ ಹಾಗಿಲ್ಲ. ಕುರ್ಚಿಯನ್ನು ಗೋಡೆಗೆ ತಿರುಗಿಸಿ, ಎರಡು ಕಿವಿಗೂ ಬೆರಳಿಟ್ಟು, ಮೇಲಿಂದ ಏನೋ ಗುನುಗುತ್ತ ಕೂತ. ಶಿಕ್ಷೆಗೆ ನಿಲ್ಲಿಸಿದ ಶಾಲೆಯ ಹುಡುಗನ ಹಾಗೆ ಕಂಡ. ಇಷ್ಟೆಲ್ಲ ಮಾಡಿಸಿ ನನಗೆ ದಕ್ಕಿದ್ದೇನು? “ಎಲ್ಲ ಚೆನ್ನಾಗಿದೆ ಅಮ್ಮ.” ಬಾಗಿಲ ಕೆಳಗಿನ ಅದೇ ಬೆಳಕು.

ಕರೆ ಮುಗಿದ ಮೇಲೆ ನಿನ್ನ ತಂಗಿ ಹೇಳಿದಳು, “ಅಮ್ಮಾ, ನಿಂಗೆ ಹೊಟ್ಟೆಕಿಚ್ಚು. ಅದೂ ಯಾರ ಮೇಲೆ? ಗುಂಡಿ ಹೊಲಿಯೋ ಹುಡುಗನ ಮೇಲೆ.” ಇಲ್ಲ ಎಂದೆ. ಹಾಗೆಂದು, ಆಗಲೇ ತೊಳೆದಿಟ್ಟಿದ್ದ ತಟ್ಟೆಯನ್ನು ತೆಗೆದು ಮತ್ತೆ ತೊಳೆಯತೊಡಗಿದೆ. ಅಪ್ಪ ಪತ್ರಿಕೆಯಿಂದ ತಲೆ ಎತ್ತದೆ, ಅವನಿಗೊಬ್ಬ ಸ್ನೇಹಿತ ಸಿಕ್ಕಿದ್ದಕ್ಕೆ ಸಂತೋಷಪಡಬೇಕಪ್ಪ ಎಂದರು. ಸಂತೋಷ ಪಡಬೇಕು, ನಿಜ. ನಾನು ನನ್ನನ್ನೇ ಕೂರಿಸಿಕೊಂಡು ಕೇಳಿದ್ದೇನೆ. ಮಗನಿಗೆ ಪರದೇಶದಲ್ಲಿ ಒಳ್ಳೆಯ ಜೊತೆ ಸಿಗಲಿ ಎಂದು ಬೇಡಿಕೊಂಡವಳು ನಾನೇ ಅಲ್ಲವೇ? ಸಿಕ್ಕಮೇಲೆ ಹೊಟ್ಟೆ ಉರಿದರೆ, ನಾನು ಬೇಡಿಕೊಂಡದ್ದು ಏನನ್ನು? ಗೊತ್ತಿರುವುದು ಇಷ್ಟು: ಮುಂದಿನ ವಾರ ನಿಮ್ಮ ಜೋಡಿಗಳು ಬದಲಾಗುವ ವಾರ. ಉದ್ದಣ್ಣನಿಗೆ ಒಳ್ಳೆಯ ಊರು ಸಿಗಲಿ, ಒಳ್ಳೆಯ ಊಟ ಸಿಗಲಿ, ಆದರೆ ದೂರ ಸಿಗಲಿ ಎಂದು ಕೆಲವು ದಿನಗಳಿಂದ ನಾನು ದೇವರಲ್ಲಿ ಕೇಳುತ್ತಿದ್ದೆ. ಬಹಳ ಮರ್ಯಾದೆಯಿಂದಲೇ ಕೇಳುತ್ತಿದ್ದೆ.

ಈಗ ಕೆಮ್ಮಿನ ವಿಷಯ. ಮಂಗಳವಾರ ಉದ್ದಣ್ಣನ ಅಮ್ಮ ಫೋನು ಮಾಡಿದರು. ಆಕೆ ಮಕ್ಕಳಿಗೆ ಈಜು ಕಲಿಸುವವರು. ನೀರಿನಂಚಿನಲ್ಲಿ ನಿಂತು ಕೂಗಿ ಕೂಗಿ ದನಿ ದೊಡ್ಡದಾಗಿದೆ, ಫೋನನ್ನು ಕಿವಿಯಿಂದ ಗೇಣು ದೂರ ಹಿಡಿಯಬೇಕು. ನೀವಿಬ್ಬರೂ ಒಂದೇ ಮೇಜಿನಲ್ಲಿ ಕೂತು ಮನೆಗೆ ಬರೆಯುತ್ತೀರಂತೆ. ಹಾಗಾದರೆ ನನಗೆ ಐದು ಸಾಲು ಬರುವ ಹೊತ್ತಿಗೆ ಅವರಿಗೆ ಐದು ಪುಟ ಹೇಗೆ ಬರುತ್ತದೆ, ಹೇಳು. ಅಂಗಡಿಯಲ್ಲಿ ನಾನು ದಿನವೂ ಒಂದಾದ ಮೇಲೊಂದು ಗಾಜು ಬದಲಿಸಿ ‘ಇದು ಸ್ಪಷ್ಟವೋ, ಇದು ಸ್ಪಷ್ಟವೋ’ ಎಂದು ಕೇಳುವವಳು. ಒಂದೇ ವಾರವನ್ನು ಎರಡು ಗಾಜಿನಲ್ಲಿ ನೋಡುವ ಪಾಡು ಈಗ ನನಗೇ ಬಂತು.

ಹಿಂದಿನ ವಾರದ ಬಗ್ಗೆ ‘ಸೋಮವಾರ ಬಟ್ಟೆ ಒಗೆದೆವು’ ಎಂದು ನೀನು ಬರೆದೆ. ನಿನ್ನ ಕೆಂಪು ಕಾಲುಚೀಲದಿಂದ ಇಬ್ಬರ ಬಿಳಿ ಅಂಗಿಗಳೂ ನಸುಗೆಂಪಾದವು, ನೀವು ಅದನ್ನೇ ತೊಟ್ಟು ಎರಡು ಬೀದಿ ತಿರುಗಿದಿರಿ, ಅವತ್ತು ಎಂದಿಗಿಂತ ಹೆಚ್ಚು ಬಾಗಿಲು ತೆರೆದವು ಎಂದು ಆಕೆ ಹೇಳಿದರು. ‘ಮಂಗಳವಾರ ಒಬ್ಬರ ಸಾಮಾನು ಸಾಗಿಸಲು ನೆರವಾದೆವು’ ಎಂದೆ. ಆ ಸೋಫಾ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು ಮೇಲೂ ಹೋಗದೆ ಕೆಳಗೂ ಬಾರದೆ, ಸಂತೆ ಚೀಲ ಹಿಡಿದು ಬಂದ ಮೇಲ್ಮನೆಯ ಅಜ್ಜಿ ದಾರಿ ಕಾಣದೆ ಅದರ ಮೇಲೇ ಕೂತರಂತೆ. ಹೇಗೂ ಅವರು ಎಲ್ಲೂ ಹೋಗುವಂತಿಲ್ಲವಲ್ಲ ಎಂದು ನೀನು ಬಾಯಿಪಾಠ ಮಾಡಿದ ಬೋಧನೆಯನ್ನು ಅಲ್ಲೇ ಶುರು ಮಾಡಿದೆಯಂತೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು, “ಎಲ್ಲ ಸರಿ ಮಗಾ, ಮೊದಲು ಈ ಸೋಫಾಗೆ ಮುಕ್ತಿ ಕೊಡು” ಎಂದರಂತೆ. ನೀನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆಯಂತೆ. ಆ ನಗು ನಾನು ನೋಡಿ ಎಷ್ಟು ಕಾಲವಾಯಿತೋ. ಅದನ್ನು ನೋಡಿದವನು ಗೋಡೆಗೆ ಮುಖ ಮಾಡಿ ಕೂತಿದ್ದ ಆ ಹುಡುಗ.

ಪ್ರತಿ ಸಂಗತಿಗೂ ಮುಂಚೆ ಆಕೆ “ನಿಮ್ಮವನು ಹೇಳಿರ್ತಾನೆ ಬಿಡಿ” ಎನ್ನುತ್ತಿದ್ದರು. ನಾನು “ಹ್ಞಾಂ, ಹೇಳಿದ” ಎನ್ನುತ್ತಿದ್ದೆ. ಅಂಗಿ, ಸೋಫಾ, ಕೆಮ್ಮು, ಬೂಟು ಎಲ್ಲದಕ್ಕೂ ಹೇಳಿದ, ಹೇಳಿದ. ತಾಯಿಯಾಗಿ ಏನೂ ಗೊತ್ತಿಲ್ಲ ಎಂದು ಇನ್ನೊಬ್ಬ ತಾಯಿಯ ಮುಂದೆ ಒಪ್ಪಿಕೊಳ್ಳುವುದು ಹೇಗೆ? ಆಮೇಲೆ ಆಕೆಯ ದನಿ ಇದ್ದಕ್ಕಿದ್ದಂತೆ ತಗ್ಗಿತು. “ಬುಧವಾರದ್ದೂ ಹೇಳಿದ್ನಾ?” ಎಂದರು. ನಿನ್ನ ಕಾಗದದಲ್ಲಿ ಬುಧವಾರಕ್ಕೆ ಇದ್ದದ್ದು ‘ಮಳೆ’ ಎಂಬ ಒಂದು ಮಾತು. ನಾನು “ಹೇಳಿದ” ಎಂದೆ. ನನಗೆ ಗೊತ್ತಿದೆ ಎಂದುಕೊಂಡು ಆಕೆ ಎಲ್ಲ ಹೇಳಿಬಿಟ್ಟರು. ಆಕೆಯ ಮೇಲೆ ಸಿಟ್ಟಾಗಬೇಡ, ಉದ್ದಣ್ಣನ ಮೇಲೂ ಆಗಬೇಡ. ಸುಳ್ಳಾಡಿ ಕಿತ್ತುಕೊಂಡವಳು ನಾನು.

ಗಡಿಯಾರ ರಿಪೇರಿ ಮಾಡುವ ಮುದುಕರೊಬ್ಬರು ಅವತ್ತು ಬಾಗಿಲಲ್ಲೇ ನಿಂತು, ನೀವು ಒಳ್ಳೆಯ ಹುಡುಗರು, ಆದರೆ ಇನ್ನು ಬರಬೇಡಿ ಎಂದರಂತೆ. ಹಿಂದಿನ ವಾರಗಳಲ್ಲೆಲ್ಲ ಅವರ ಮನೆಗೆ ನೀನು ಎಷ್ಟು ಆಸೆಯಿಂದ ಹೋಗುತ್ತಿದ್ದೆ ಎಂಬುದೂ ನನಗೆ ಹೊಸ ಸುದ್ದಿ. ಕೆಳಗಿಳಿಯುವಾಗ ನೀನು ಮೆಟ್ಟಿಲ ಮೇಲೆ ಕೂತವನು ಏಳಲೇ ಇಲ್ಲವಂತೆ. ‘ಬಾಗಿಲಲ್ಲಿ ನಿಂತು ನಾನು ಹೇಳುವ ಮಾತು ನನಗೇ ನಿಜ ಅನ್ನಿಸುತ್ತಿಲ್ಲ, ಮನೆಗೆ ಹೋಗಬೇಕು’ ಎಂದೆಯಂತೆ. ಉದ್ದಣ್ಣ ಬುದ್ಧಿ ಹೇಳಲಿಲ್ಲ, ಪ್ರಾರ್ಥನೆ ಮಾಡೋಣ ಎನ್ನಲಿಲ್ಲ. ಪಕ್ಕದಲ್ಲಿ ಕೂತು ಚೀಲದಿಂದ ಕಿತ್ತಳೆ ತೆಗೆದು ಸುಲಿದು ಅರ್ಧ ಕೊಟ್ಟ. ಆ ಮೆಟ್ಟಿಲ ದೀಪ ಯಾರೂ ಅಲುಗಾಡದಿದ್ದರೆ ತಾನಾಗಿ ಆರುವಂಥದ್ದಂತೆ, ಆರಿದಾಗಲೆಲ್ಲ ಉದ್ದ ಕೈಯನ್ನು ಮೇಲೆತ್ತಿ ಬೀಸಿ ಮತ್ತೆ ಹೊತ್ತಿಸುತ್ತಿದ್ದ. “ಎದ್ದೇಳೋಣ ಅಂದ್ರೆ ಏಳೋಣ, ಕೂರೋಣ ಅಂದ್ರೆ ಕೂರೋಣ” ಎಂದನಂತೆ.

ಹಾಗಾದರೆ ನಿಮ್ಮಮ್ಮನಿಗೆ ಹೇಳು ಎಂದೂ ಒಂದು ಸಲ ಅವನು ಅಂದಿದ್ದಾನೆ. ಅದಕ್ಕೆ ನೀನು ಕೊಟ್ಟ ಉತ್ತರವನ್ನು ಉದ್ದಣ್ಣನ ಅಮ್ಮ ನನಗೆ ಮೆಚ್ಚುಗೆಯ ಮಾತೆಂಬಂತೆ ಹೇಳಿದರು. “ಸಭಾಮಂದಿರದಲ್ಲಿ ಸೇವೆಗೆ ಹೋದವರ ಹಲಗೆ ಮೇಲೆ ನನ್ನ ಫೋಟೋ ಇದೆ. ಅಮ್ಮ ಪ್ರತಿ ಭಾನುವಾರ ಅದನ್ನ ನೆಟ್ಟಗೆ ಮಾಡ್ತಾಳೆ. ಅವಳಿಗೆ ಹೇಗೆ ಹೇಳ್ಲಿ?” ಆಕೆ ಮುಂದುವರಿಸಿ, “ನೀವು ಎಷ್ಟು ಗಟ್ಟಿ ಕಣ್ರೀ, ಇದನ್ನ ಕೇಳಿದ ಮೇಲೂ ಇಷ್ಟು ಸಮಾಧಾನವಾಗಿ ಮಾತಾಡ್ತೀರಿ” ಎಂದರು. ನಾನು ಫೋನಿಟ್ಟು, ಒಲೆಯ ಮೇಲೆ ಹಾಲಿಟ್ಟಿದ್ದೆನೆಂಬುದನ್ನೂ ಮರೆತು ನಿಂತೆ.

ಮೊದಲು ಬಂದದ್ದು ದುಃಖವಲ್ಲ ಪುಟ್ಟಾ, ಹೊಟ್ಟೆಕಿಚ್ಚೇ. ಆ ಮೆಟ್ಟಿಲ ಮೇಲೆ ಕೂರಬೇಕಾದವಳು ನಾನು ಎಂದು ಉರಿಯಿತು. ಆಮೇಲೆ, ನಾನೇ ಕೂತಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದೆ. ಏನಾಯ್ತೋ, ಯಾಕೋ, ಯಾರೇನಂದರೋ ಎಂದು ಕೇಳಿ ಕೇಳಿ ಕಿತ್ತಳೆಗೂ ಬಾಯಿ ತೆರೆಯಲು ಬಿಡುತ್ತಿರಲಿಲ್ಲ. ಅವಧಿಗೆ ಮುಂಚೆ ತಿರುಗಿ ಬಂದ ಹುಡುಗರ ಬಗ್ಗೆ ನಮ್ಮವರು ದನಿ ತಗ್ಗಿಸಿ ಆಡುವ ಮಾತು ನನ್ನ ತಲೆಯಲ್ಲೂ ಹಾದುಹೋಗುತ್ತಿತ್ತು, ಅದು ನನ್ನ ಮುಖದಲ್ಲಿ ನಿನಗೆ ಕಾಣುತ್ತಿತ್ತು. ದೀಪ ಆರಿದರೆ ಬಹುಶಃ ಕಟ್ಟಡದವರಿಗೆ ಬೈಯುತ್ತಿದ್ದೆ. ಹಾಗೆಂದು ಹೊಟ್ಟೆಕಿಚ್ಚು ಹೋಯಿತೇ ಎಂದರೆ ಇಲ್ಲ, ಇನ್ನೂ ಇದೆ. ಆದರೆ ಅವನು ದೂರ ಹೋಗಲಿ ಎಂದು ಕೇಳುವುದನ್ನು ಮಂಗಳವಾರದಿಂದ ನಿಲ್ಲಿಸಿದ್ದೇನೆ.

ಅಪ್ಪನಿಗೆ ಇದನ್ನು ಹೇಳಿಲ್ಲ. ನಿನ್ನ ಮಾತು, ನೀನೇ ಹೇಳಬೇಕಾದಾಗ ಹೇಳು. ಬಿಸಿನೀರು ಕುಡಿ, ಕುತ್ತಿಗೆಗೆ ಏನಾದರೂ ಸುತ್ತಿಕೊ. ಕೆಂಪು ಕಾಲುಚೀಲ ಬೇರೆ ಒಗಿ. ಮೇಲ್ಮನೆಯ ಅಜ್ಜಿಗೆ ನನ್ನ ನಮಸ್ಕಾರ ತಿಳಿಸು, ಉದ್ದಣ್ಣನಿಗೆ ನನ್ನ ಆಶೀರ್ವಾದ. ಅದನ್ನು ಬರೆಯುವಾಗ ಕೈ ಸ್ವಲ್ಪ ತಡೆಯಿತು, ಆದರೂ ಬರೆದಿದ್ದೇನೆ. ದೇವರು ನಿನ್ನನ್ನು ಕಾಯಲಿ, ನೀನು ಯಾವ ಮೆಟ್ಟಿಲ ಮೇಲೆ ಕೂತಿದ್ದರೂ.

ನಿನ್ನ
ಅಮ್ಮ

ಮರೆತ ಮಾತು: ತಂಗಿ ಫೋಟೋ ತೆಗೆಯಲು ಅವಸರ ಮಾಡುತ್ತಿದ್ದಾಳೆ, ಬುಧವಾರದ ವಿಷಯ ಇರುವ ಈ ಕೊನೆಯ ಹಾಳೆಗಳನ್ನು ಅವಳ ಕೈಗೆ ಕೊಡದೆ ನಾನೇ ತೆಗೆದು ಕಳಿಸುತ್ತೇನೆ. ಇವತ್ತು ಬೆಳಗ್ಗೆ ಸಭಾಮಂದಿರದಲ್ಲಿ ನಿನ್ನ ಫೋಟೋ ಎಂದಿನಂತೆ ಬಲಕ್ಕೆ ವಾಲಿತ್ತು. ನಾನು ಮುಟ್ಟಲಿಲ್ಲ. ಯಾರೋ ನನ್ನ ಮುಖ ನೋಡಿದರು, ಆದರೂ ಮುಟ್ಟಲಿಲ್ಲ, ಹೋಗಿ ಕೂತೆ. ನಿನ್ನ ಮಂಚದ ಮೇಲಿದ್ದ ತಂಗಿಯ ಪುಸ್ತಕಗಳನ್ನೂ ತೆಗೆಸಿದ್ದೇನೆ. ಬರಬೇಕೆನಿಸಿದರೆ ಬಾ, ಇರಬೇಕೆನಿಸಿದರೆ ಇರು, ನನಗೋಸ್ಕರ ಮಾತ್ರ ಇರಬೇಡ. ನಾಳೆ ಫೋನು ಮಾಡಿದಾಗ ಕುರ್ಚಿಯನ್ನು ಗೋಡೆಗೆ ತಿರುಗಿಸಬೇಡ ಎಂದು ಉದ್ದಣ್ಣನಿಗೆ ಹೇಳು. ನಿನ್ನ ಪಕ್ಕದಲ್ಲೇ ಕೂರಲಿ. ನಿನಗೆ ಹೇಳಲಾಗದಿದ್ದರೆ ಅವನೇ ಹೇಳಲಿ, ನಾನು ಏನೂ ಕೇಳದೆ ಕೂತಿರುತ್ತೇನೆ.