ಭರೋಸಾದ ಒಡಪು

ಅಕ್ಕಲಕೋಟ
ಶನಿವಾರ, ೨೮ ಫೆಬ್ರವರಿ ೨೦೨೬

ದ್ವಾರಕಾ,

ಮೊದಲು "ಪ್ರೀತಿಯ" ಎಂದು ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಗೀಟಿನ ಕೆಳಗೆ ಇನ್ನೂ ಕಾಣುತ್ತದೆ, ನೋಡು. ಇಪ್ಪತ್ತೈದು ವರ್ಷದ ಗೆಳೆತನಕ್ಕೆ ಅಷ್ಟಾದರೂ ಗುರುತು ಇರಲಿ.

ನಿನ್ನ ಮೆಸೇಜು ಮುಟ್ಟಿತು. ನಮ್ಮ ಕ್ಯಾಶ್‌ಬ್ಯಾಕ್ ಸೈಟು ಖರೆಯೋ ಖೋಟಾವೋ ಎಂದು ಫೋನಿನ ಗುಂಪಿನ ಹೆಂಗಸರು ಕೇಳುತ್ತಿದ್ದಾರೆ, ನೀಲಾ, ನೀನು ಸಾಲಿಯಲ್ಲಿ ಕ್ಲರ್ಕು, ಕಾಗದಪತ್ರ ತಿಳಿದವಳು, ಖರೆ ಇದೆ ಎಂದು ಎರಡು ಸಾಲು ಪ್ರಾಸ ಹಚ್ಚಿ ಕಳಿಸು ಎಂದಿದ್ದೀ. ಫೋನಿನಲ್ಲಿ ಕಳಿಸಿದರೆ ಅದೂ ಸಂಜೆಯೊಳಗೆ ಊರೂರು ತಿರುಗುತ್ತದೆ. ಅದಕ್ಕೇ ಅಂಚೆ ಹಿಡಿದಿದ್ದೇನೆ. ಸೈಟಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ನನ್ನ ಬಾಯಿಂದ ಅದರ ಹೊಗಳಿಕೆ ಹೊರಬಿದ್ದದ್ದು ಸಾಕು.

ಇಂಥ ಎಲ್ಲ ಸೈಟುಗಳೂ ಖೋಟಾ ಅಲ್ಲ. ಗಿರಾಕಿ ಕಳಿಸಿದವನಿಗೆ ಅಂಗಡಿಯವನು ದಲಾಲಿ ಕೊಡುತ್ತಾನೆ, ಅವನು ಅದರಲ್ಲೊಂದು ಚೂರನ್ನು ಗಿರಾಕಿಗೆ ತಿರುಗಿಸುತ್ತಾನೆ. ಮಾವನವರ ಕಾಲದಿಂದ ಚಾದರದ ವ್ಯಾಪಾರ ಮಾಡಿದ ಮನೆಯ ಸೊಸೆಗೆ ಇದನ್ನು ನಾನು ಕಲಿಸಬೇಕಿಲ್ಲ. ನಮ್ಮದು ಆ ಪೈಕಿಯದಲ್ಲ. ಅದರ ನಿಯಮಗಳನ್ನು ಸಾಲಿಯ ಪ್ರಿಂಟರಿನಲ್ಲಿ ತೆಗೆದು, ಡಿಕ್ಷನರಿ ಮಗ್ಗುಲಲ್ಲಿಟ್ಟುಕೊಂಡು ಓದಿದೆ. ಹದಿನಾಲ್ಕು ಪುಟ. ಸೇರುವ ಮುಂಚೆ ಓದಬೇಕಿತ್ತು, ಓದಲಿಲ್ಲ. ಒಂಬತ್ತನೆಯ ಪುಟದಲ್ಲಿ, ಖಾತೆಯಲ್ಲಿ ಕಾಣುವ ಪಾಯಿಂಟು ಹಣವಲ್ಲ ಎಂದಿದೆ. ಹನ್ನೊಂದರಲ್ಲಿ, ಅದನ್ನು ಹಣ ಮಾಡಿಕೊಳ್ಳಬೇಕಾದರೆ ಹತ್ತು ಹೊಸಬರನ್ನು ಸೇರಿಸಬೇಕು, ಆ ಹತ್ತೂ ಜನ ಏನಾದರೂ ಕೊಳ್ಳಬೇಕು. ಹದಿನಾಲ್ಕರಲ್ಲಿ, ಇದೆಲ್ಲವನ್ನೂ ಯಾವಾಗ ಬೇಕಾದರೂ ಬದಲಿಸುವ ಹಕ್ಕು ಅವರದು. ದೂರು ಬರೆದರೆ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು ಉತ್ತರ ಬರುತ್ತದೆ. ಮೂರು ಸಾರಿ ಬರೆದೆ, ಮೂರು ಸಾರಿ ಅಮೂಲ್ಯಳಾದೆ.

ಮೊದಲ ಖರೀದಿಗೆ ನಲವತ್ತು ರೂಪಾಯಿ ಖರೇನೇ ಬಂತಲ್ಲ ಎನ್ನುತ್ತೀ. ನನಗೆ ಎಲ್ಲಕ್ಕಿಂತ ಹೇಸಿಗೆ ಆ ನಲವತ್ತು ರೂಪಾಯಿಯದೇ. ಇಲಿಯ ಬೋನಿನಲ್ಲಿಡುವ ರೊಟ್ಟಿಯ ಚೂರೂ ಖರೇನೇ ಇರುತ್ತದೆ.

ಆದರೆ ಆ ಸೈಟು ಕಾಲು ಮೂಡಿ ತಾನಾಗಿ ಕರಜಗಿಯಂಥ ಹಳ್ಳಿಯವರೆಗೆ ನಡೆದುಹೋಗಲಿಲ್ಲ. ಬಾಳೀವೇಸ ಓಣಿಯ ನಿನ್ನ ಮನೆಯಲ್ಲಿ ಜನವರಿಯ ಹಳದಿ-ಕುಂಕುಮ ನೆನಪು ಮಾಡಿಕೋ. ಬಂದ ಮುತ್ತೈದೆಯರಿಗೆಲ್ಲ ನೀನು ಸ್ಟೀಲಿನ ಡಬ್ಬಿಯ ವಾಣ ಉಡುಗೊರೆ ಕೊಟ್ಟೆ, ಡಬ್ಬಿಯೊಳಗೆ ಎಳ್ಳುಬೆಲ್ಲ, ಎಳ್ಳುಬೆಲ್ಲದ ಮೇಲೆ ಸೈಟಿನ ಚೀಟಿ. ಎಲ್ಲರೂ ಒಡಪು ಹಚ್ಚಿ ಗಂಡನ ಹೆಸರು ಹೇಳುತ್ತಿದ್ದರು. ನನ್ನ ಸರದಿ ಬಂದಾಗ, ಸೈಟನ್ನೂ ಸೇರಿಸಿಯೇ ಹೇಳಬೇಕು ಎಂದು ನೀನು ಹಟ ಹಿಡಿದೆ. ಪ್ರಾಸದ ಚಟದವಳ ಮುಂದೆ ಹಟ ಯಾಕೆ, ಸನ್ನೆ ಸಾಕಿತ್ತು. ಹೇಳಿಯೇಬಿಟ್ಟೆ:

ಕೊಂಡಷ್ಟೂ ಕೈಗೆ ಪರತ ಬರತಾವ ಪೈಸಾ,
ಸೋಮೇಶರಾಯರ ಮ್ಯಾಲ ಎಷ್ಟೋ, ಇದರ ಮ್ಯಾಲೂ ಅಷ್ಟ ಭರೋಸಾ.

ಎಲ್ಲರೂ ನಕ್ಕರು. ನಿನ್ನ ಫೋನು ಅದನ್ನು ಹಿಡಿದುಕೊಂಡಿತು. ಎರಡೇ ದಿನದಲ್ಲಿ ನನ್ನ ದನಿ ನಿನ್ನ ಲಿಂಕನ್ನು ಬಾಲದಂತೆ ಕಟ್ಟಿಕೊಂಡು ಮಂದ್ರೂಪ, ತಡವಳ ದಾಟಿತ್ತು. ನಮ್ಮ ಮನೆಯವರು ಎಸ್‌ಟಿ ಬಸ್ ಡಿಪೋದಲ್ಲಿ ಕಂಟ್ರೋಲರು ತಾನೇ? ಸಾಹೇಬರ ಮೇಲಿನ ಭರೋಸಾ ಈ ತಿಂಗಳು ನೂರಕ್ಕೆ ಎಷ್ಟು ಟಕ್ಕೆ ಎಂದು ಕಂಡಕ್ಟರುಗಳು ಕೇಳುತ್ತಾರಂತೆ. ಅವರು ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಊಟಕ್ಕೆ ಕೂತಾಗ ಒಮ್ಮೆ, ಮುಂದಿನ ಸಾರಿ ನನ್ನ ಬದಲು ಬಸ್ಸಿನ ನಂಬರು ಹಾಕು, ಅದು ಆಗೊಮ್ಮೆ ಈಗೊಮ್ಮೆಯಾದರೂ ಹೇಳಿದ ಹೊತ್ತಿಗೆ ಬರುತ್ತದೆ ಎಂದರು, ಅಷ್ಟೇ.

ಇನ್ನು ಇಂದುಬಾಯಿಯ ವಿಷಯ. ನೀನು ಅವಳನ್ನು ಕಂಡಿಲ್ಲ, ಅವಳ ರೊಟ್ಟಿ ತಿಂದಿದ್ದೀ. ಕರಜಗಿಯಿಂದ ಪ್ರತಿ ಗುರುವಾರ ಒಣಗಿಸಿದ ಜೋಳದ ಕಟಕ ರೊಟ್ಟಿಯ ಗಂಟು ಹೊತ್ತು ಬರುತ್ತಾಳೆ, ನಮ್ಮ ಸಾಲಿಗೆ, ಮನೆಗೆ ಕೊಟ್ಟು ಉಳಿದದ್ದನ್ನು ಗುಡಿಯ ಕಡೆ ಮಾರುತ್ತಾಳೆ. ಗಂಡ ತೀರಿಕೊಂಡು ಎಂಟು ವರ್ಷ. ಹಳದಿ-ಕುಂಕುಮಕ್ಕೆ ಅಂಥವರನ್ನು ನಾವು ಯಾರೂ ಕರೆಯುವುದಿಲ್ಲ. ಲಿಂಕು ಮಾತ್ರ ಅವಳಿಗೂ ಮುಟ್ಟಿತು.

ಅವಳು ಅದರಲ್ಲಿ ಹಿಟ್ಟು ನಾದುವ ಯಂತ್ರ ತರಿಸಿದಳು. ಊರ ಹೆಂಗಸರ ಉಳಿತಾಯದ ಬಚತ್ ಗಟದಲ್ಲಿ ಸಾಲ ಎತ್ತಿದಳು; ಬೆಲೆಯಲ್ಲಿ ಮೂರರಲ್ಲೊಂದು ಪಾಲು ತಿಂಗಳೊಳಗೆ ತಿರುಗಿ ಬರುತ್ತದೆ, ಅದರಿಂದ ಮೊದಲ ಕಂತುಗಳು ಮುಟ್ಟುತ್ತವೆ ಎಂಬ ಅಂದಾಜು. ಯಂತ್ರವೇನೋ ಬಂತು. ಅದು ಗೋಧಿ ಹಿಟ್ಟಿಗೆ ಹುಟ್ಟಿದ್ದು. ಜೋಳದ ಹಿಟ್ಟು ಹಾಕಿದರೆ ಉಸುಕು ಮಾಡಿ ಉಗುಳುತ್ತದೆ. ಈಗ ಅದರ ಮೇಲೆ ಹಳೆಯ ಸೀರೆ ಹೊದಿಸಿಟ್ಟು, ಮೊದಲಿನಂತೆ ಬೋಗುಣಿಯಲ್ಲಿ ಬಿಸಿನೀರು ಸುರಿದುಕೊಂಡು ಕೈಯಲ್ಲೇ ನಾದುತ್ತಾಳೆ. ಪಾಲು ತಿರುಗಿ ಬಂದಿಲ್ಲ. ಹತ್ತು ಜನರನ್ನು ತಾ ಎಂದು ಫೋನು ದಿನಾಲು ಟಣಟಣ ಅನ್ನುತ್ತದೆ.

ಮೊನ್ನೆ ಗುರುವಾರ ಸಾಲಿಗೆ ಬಂದು ಇದೆಲ್ಲ ಹೇಳಿದಳು. ಸೋಮವಾರ ತನ್ನ ಮನೆಯಲ್ಲಿ ಗಟದ ಬೈಠಕ್ಕು ಸೇರುತ್ತದೆ, ಎಲ್ಲರಿಗೂ ನಿಮ್ಮ ಒಡಪು ಕೇಳಿಸಿ ಸೇರಿಸುತ್ತೇನೆ, ಹತ್ತೇನು, ಹದಿನೇಳು ಜನ ಆಗುತ್ತಾರೆ ಎಂದಳು. ನಾನು, ಅದರಲ್ಲಿ ಏನಾದರೂ ಸುಳ್ಳಿದ್ದರೆ ಎಂದು ಮೆಲ್ಲಗೆ ಎಳೆದೆ. ಅವಳು ನನ್ನ ಮುಖ ನೋಡಿ ನಕ್ಕಳು.

"ಗಂಡನ ಹೆಸರ ಹಚ್ಚಿ ಯಾರರ ಸುಳ್ಳ ಹೇಳ್ತಾರೇನ್ರಿ ಅಕ್ಕಾರ?"

ನಮಗೆ ಅದು ಚಪ್ಪಾಳೆಯ ಆಟ, ದ್ವಾರಕಾ. ಆ ಹೆಸರು ಹೇಳುವ ಅವಕಾಶವೇ ಕಳಕೊಂಡವಳಿಗೆ ಅದು ಆಣೆ. ನಾನು ಅವಳಿಗೆ ಚಹಾ ತರಿಸಿಕೊಟ್ಟೆ. ಬಿಸ್ಕೀಟೂ ಕೊಟ್ಟೆ. ಅಷ್ಟೇ ಮಾಡಿದೆ. ಅವಳು ಗಂಟು ಹೊತ್ತು ಹೋದ ಮೇಲೆ ನನ್ನದೇ ದನಿಯನ್ನು ಫೋನಿನಲ್ಲಿ ಹಾಕಿ ಕೇಳಿದೆ. ಎಷ್ಟು ಒನಪು, ಎಷ್ಟು ಬೆಡಗು. ಸಂತೆಯಲ್ಲಿ ಹಲ್ಲುಪುಡಿ ಮಾರುವವನ ದನಿಯಲ್ಲಿ ಇದಕ್ಕಿಂತ ಮಾನವಿದೆ. ಅವನು ಹೆಂಡತಿಯ ಹೆಸರು ತರುವುದಿಲ್ಲ.

ಈ ಹಿಂದೆ ಫೋನಿನಲ್ಲಿ ನಿನಗೆ ಆ ನಿಯಮಗಳ ವಿಷಯ ಹೇಳಿದಾಗ ನೀನು, "ಯಾರಿಗೂ ಕೈ ಹಿಡದು ಕೊಳ್ಳಿಸಿಲ್ಲ ನೀಲಾ, ಅವರವರ ಖುಷಿ" ಎಂದೆ. ಕೈ ಹಿಡಿಯಲಿಲ್ಲ, ನಿಜ. ಅರಿಶಿಣ ಹಚ್ಚಿದ ಕೈ ಚಾಚಿದ್ದೆವು. ನಿನ್ನ ಕೆಳಗೆ ಸೇರಿದ ಒಬ್ಬೊಬ್ಬರ ಖರೀದಿಯ ಮೇಲೂ ನಿನಗೆ ಬಕ್ಷೀಸಿದೆ, ಹೊಸ ಫ್ರಿಜ್ಜಿನ ಫೋಟೋವನ್ನೂ ನೋಡಿದೆ. ಚೆನ್ನಾಗಿದೆ. ಒಳಗೆ ಏನಿಟ್ಟಿದ್ದೀ ಎಂದು ಕೇಳುವುದಿಲ್ಲ.

ಹಾಗಾದರೆ ಎರಡು ಸಾಲು ಬೇಕೆಂದೆಯಲ್ಲ, ಇಗೋ: ಇದು ಮೋಸ. ನನ್ನ ದನಿಯನ್ನು ತೆಗೆದುಹಾಕು. ಪ್ರಾಸ ಕೂಡಲಿಲ್ಲ, ಕೂಡಿಸುವ ಮನಸ್ಸೂ ಇಲ್ಲ. ಇದನ್ನು ಗುಂಪಿನಲ್ಲಿ ನೀನೇ ನಿನ್ನ ಬಾಯಿಂದ ಹೇಳು, ನಿನ್ನ ಮಾತು ಅವರು ಕೇಳುತ್ತಾರೆ. ಸೋಮವಾರ ನಾನು ರಜೆ ಹಾಕಿ ಕರಜಗಿಯ ಬಸ್ಸು ಹತ್ತುತ್ತೇನೆ. ಆ ಹದಿನೇಳು ಜನ ಸೇರುವುದರೊಳಗೆ ಅವರ ಮುಂದೆ ನಿಂತು ಹೇಳಬೇಕು. ಇಂದುಬಾಯಿಯ ಮುಖ ನೋಡಿ ಹೇಳಬೇಕು. ಅದೊಂದು ನನ್ನಿಂದ ಆದೀತೋ ಇಲ್ಲವೋ.

ಇತಿ,
ನಾಲಿಗೆಯ ಮೇಲೆ ಹಿಡಿತವಿಲ್ಲದ
ನೀಲಗಂಗಾ

ತಾ.ಕ.: ಸೋಮವಾರ ಸಂಜೆ. ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದಾಯಿತು.

ಹೋಗಿ ಬಂದೆ. ಪಡಸಾಲೆಯ ತುಂಬ ಹೆಂಗಸರು. ಫೋನಿನ ದನಿಯವಳೇ ಖುದ್ದಾಗಿ ಬಂದಳೆಂದು ಜಾಗ ಮಾಡಿ ಕೂಡಿಸಿದರು, ಒಡಪು ಹೇಳೆಂದು ಗಂಟುಬಿದ್ದರು. ನಿಂತುಕೊಂಡು ಹೇಳಿದೆ: ಇದು ಮೋಸ, ನಾನು ಹೇಳಿದ್ದು ಸುಳ್ಳು, ಯಾರೂ ಸೇರಬೇಡಿ. ಯಾರೂ ಸೇರಲಿಲ್ಲ. ಇಂದುಬಾಯಿ ಎಲ್ಲರಿಗೂ ಚಹಾ ಕೊಟ್ಟಳು, ನನಗೂ ಕೊಟ್ಟಳು.

ಬಸ್ಸಿನವರೆಗೆ ನನ್ನ ಜೊತೆ ಬಂದಳು. ಬೈಯಲಿಲ್ಲ. ಒಂದೇ ಕೇಳಿದಳು. "ನನ್ನ ನಂಬರ ಆ ಸೈಟಿನವ್ರಿಗೆ ಕೊಟ್ಟವ್ರು ಯಾರ್ರಿ?"

ನಿನ್ನ ಹೆಸರು ಹೇಳಿದೆ, ದ್ವಾರಕಾ.

ಅವಳ ನಂಬರು ತುಂಬಿದವಳು ನಾನು. ಹಳದಿ-ಕುಂಕುಮದ ಮರುದಿನ, ಸಾಲಿಯ ಮಧ್ಯಾಹ್ನದ ಬಿಡುವಿನಲ್ಲಿ. ನಂಬರು ತುಂಬಿದರೆ ಸಾಕು, ಸೈಟೇ ಲಿಂಕು ಕಳಿಸುತ್ತದೆ, ಕಳಿಸಿದವರ ಹೆಸರು ಕಾಣುವುದಿಲ್ಲ. ಆ ಯಂತ್ರದ ಬಕ್ಷೀಸು ನನ್ನ ಖಾತೆಯಲ್ಲಿದೆ. ಹತ್ತು ಜನ ಆಗದೆ ಅದೂ ಹಣವಾಗುವುದಿಲ್ಲ.

ಅವಳು ನಿನ್ನ ವಿಳಾಸ ಕೇಳಿದಳು. ಟಿಕೇಟಿನ ಹಿಂದೆ ಕನ್ನಡದಲ್ಲೇ ಬರೆದುಕೊಟ್ಟೆ. ಬೆರಳಿಟ್ಟು ಗಟ್ಟಿಯಾಗಿ ಓದಿದಳು, ಒಂದಕ್ಷರ ತಪ್ಪಲಿಲ್ಲ. ಕನ್ನಡ ಸಾಲಿಯಲ್ಲಿ ಐದರವರೆಗೆ ಕಲಿತಿದ್ದಾಳಂತೆ. ಇಷ್ಟು ವರ್ಷ ಅವಳ ರೊಟ್ಟಿ ತಿಂದರೂ ನಾನು ಕೇಳಿರಲಿಲ್ಲ.

ಶುಕ್ರವಾರ ನಿನ್ನ ಮನೆಗೆ ಬರುತ್ತಾಳೆ. ನೀನು ಏನೂ ಹೇಳಬೇಡ. ಒಳಗೆ ಕರೆದು ಕೂಡಿಸು, ಈ ಕಾಗದವನ್ನು ಓದಲು ಅವಳ ಕೈಗೆ ಕೊಡು.